ಉಳಿದ ತುಂಡುಗಳನ್ನು ಆಯ್ದವರು ಶಿಷ್ಯರೇ

ಐದು ರೊಟ್ಟಿ, ಎರಡು ಮೀನುಗಳಿಂದ ಪ್ರಭು ಯೇಸು ಐದು ಸಾವಿರ ಜನರ ಹಸಿವನ್ನು ನೀಗಿಸಿದ ಅದ್ಭುತ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಆದರೆ ಆ ಪ್ರಸಂಗ ಊಟದೊಂದಿಗೆ ಮುಗಿಯುವುದಿಲ್ಲ. ಎಲ್ಲರೂ ತೃಪ್ತರಾದ ಮೇಲೆ, ಯಾವುದೂ ಹಾಳಾಗದಂತೆ ಉಳಿದ ತುಂಡುಗಳನ್ನು ಒಟ್ಟುಗೂಡಿಸಬೇಕೆಂದು ಪ್ರಭು ಶಿಷ್ಯರಿಗೆ ಅಪ್ಪಣೆ ಮಾಡಿದುದನ್ನು ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯ ಹೇಳುತ್ತದೆ. ಹನ್ನೆರಡು ಬುಟ್ಟಿಗಳು ತುಂಬಿದವು. ಜನ ಉಂಡೆದ್ದ ಹುಲ್ಲುಗಾವಲಿನಲ್ಲಿ ಸೊಂಟ ಬಗ್ಗಿಸಿ ಆ ತುಂಡುಗಳನ್ನು ಆಯ್ದವರು ಕೂಲಿಯಾಳುಗಳಲ್ಲ. ಮುಂದೆ ಧರ್ಮಸಭೆಗೆ ಅಡಿಗಲ್ಲಾಗಲಿದ್ದ ಪ್ರೇಷಿತರೇ. ಅದ್ಭುತ ನಡೆದ ಸ್ಥಳವನ್ನು ಹಸನುಗೊಳಿಸಿ ಹೊರಡುವುದೂ ಶಿಷ್ಯತ್ವದ ಒಂದು ಭಾಗವೆಂಬುದು ಇದರಿಂದ ತಿಳಿಯುತ್ತದೆ.

ಈ ಮಾತನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ಇಂಡಿ ತಾಲ್ಲೂಕಿನ ಹೊರ್ತಿ, ರೇವಣಸಿದ್ಧೇಶ್ವರನ ಹೆಸರಿನಿಂದ ಪ್ರಸಿದ್ಧವಾದ ಊರು. ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಊರು. ಹೆದ್ದಾರಿಯೆಂದ ಮೇಲೆ ವಾಹನ, ವಾಹನವೆಂದ ಮೇಲೆ ಚಹಾದಂಗಡಿ, ಚಹಾದಂಗಡಿಯೆಂದ ಮೇಲೆ ಕಾಗದದ ಲೋಟ, ನೀರಿನ ಬಾಟಲಿ, ಪಾನ್‌ಮಸಾಲೆಯ ಪಾಕೀಟು. ಹೆದ್ದಾರಿ ಹಾದುಹೋಗುವ ಪ್ರತಿಯೊಂದು ಊರಿನ ಕಥೆಯೂ ಇದೇ. ಎರೆಭೂಮಿಯ ಬಯಲಿನಲ್ಲಿ ಗಾಳಿಗೆ ತಡೆಯಿಲ್ಲ. ಬೆಳಿಗ್ಗೆ ಅಂಗಡಿಯ ಮುಂದೆ ಬಿದ್ದ ಕೈಚೀಲ ಸಂಜೆಯ ಹೊತ್ತಿಗೆ ಜಾಲಿಯ ಮುಳ್ಳಿಗೆ ಸಿಕ್ಕಿ ಬಾವುಟದಂತೆ ಹಾರಾಡುತ್ತದೆ. ಇಲ್ಲವೇ ಹೊಲದ ಬದುವನ್ನು ದಾಟಿ ನೇಗಿಲ ಸಾಲಿನಲ್ಲಿ ಹೂತುಹೋಗುತ್ತದೆ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಂಡಿ ಲಿಂಬೆಯ ನಾಡಿದು. ಆ ಕೀರ್ತಿಯನ್ನು ತಂದ ಮಣ್ಣಿನಲ್ಲೇ ನಾವು ಕರಗದ ವಸ್ತುವನ್ನು ಬಿತ್ತುತ್ತಿದ್ದೇವೆ.

ಇದರ ಮೊದಲ ಬಲಿ ಬಾಯಿಲ್ಲದ ಪ್ರಾಣಿ. ಉಳಿದ ಅನ್ನ, ಸಿಪ್ಪೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆಯುವ ಅಭ್ಯಾಸ ಹಳ್ಳಿಗೂ ಬಂದಿದೆ. ದನ ಆರಿಸಿ ತಿನ್ನಲಾರದು. ಅನ್ನದ ವಾಸನೆಗೆ ಚೀಲವನ್ನೂ ನುಂಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲನೆಯ ಹೊಟ್ಟೆಯಲ್ಲಿ ಅದು ಜೀರ್ಣವಾಗುವುದಿಲ್ಲ, ಮುಂದೆಯೂ ಸರಿಯುವುದಿಲ್ಲ. ಚೀಲದ ಮೇಲೆ ಚೀಲ ಸೇರಿ ಗಟ್ಟಿಯಾದ ಉಂಡೆಯಾಗುತ್ತದೆ. ದನ ಮೇವು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ. ಪಶುವೈದ್ಯರು ಹೊಟ್ಟೆಯನ್ನು ಸೀಳಿ ತೆಗೆಯದ ಹೊರತು ಅದಕ್ಕೆ ಬೇರೆ ಉಪಾಯವಿಲ್ಲ. ಖಿಲ್ಲಾರಿ ಎತ್ತುಗಳನ್ನು ಮನೆಯ ಮಕ್ಕಳಂತೆ ಸಾಕುವ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಕಾನೂನು ಸುಮ್ಮನಿಲ್ಲ. ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ಕೇಂದ್ರ ಸರ್ಕಾರದ ನಿಷೇಧ 2022ರ ಜುಲೈ 1ರಂದು ಜಾರಿಗೆ ಬಂತು. ಆದರೂ ಜಾಲಿಯ ಮುಳ್ಳಿನ ಬಾವುಟ ಇಳಿದಿಲ್ಲ. ಆಜ್ಞೆ ಮಾಡುವುದು ಸರ್ಕಾರದಿಂದಾದೀತು; ಬಗ್ಗಿ ಎತ್ತುವುದಕ್ಕೆ ಕೈಯೇ ಬೇಕು.

ಅಡ್ಡಿ ಕಸವಲ್ಲ, ನಾಚಿಕೆ

ಹಾಗಾದರೆ ನಾವು ಏಕೆ ಬಗ್ಗುವುದಿಲ್ಲ? ಸಮಯವಿಲ್ಲವೆಂದೇ? ನೂರು ಹೆಜ್ಜೆ ರಸ್ತೆಯನ್ನು ಹಸನುಗೊಳಿಸಲು ಅರ್ಧ ಗಂಟೆ ಸಾಕು. ನಿಜವಾದ ಅಡ್ಡಿ ‘ನೋಡಿದವರು ಏನಂದಾರು’ ಎಂಬ ಅಂಜಿಕೆ. ನಮ್ಮ ದೇಶದಲ್ಲಿ ಕಸಕ್ಕೂ ಜಾತಿಗೂ ಗಂಟು ಬಿದ್ದಿದೆ. ಎಸೆಯುವುದು ಎಲ್ಲರ ಹಕ್ಕು, ಎತ್ತುವುದು ಕೆಲವರ ಪಾಲಿನ ಕರ್ಮ ಎಂಬ ಭಾವನೆ ತಲೆಮಾರುಗಳಿಂದ ಇಳಿದು ಬಂದಿದೆ. ಕಸ ಮುಟ್ಟಿದ ಕೈಗೆ ನೀರನ್ನು ಮೇಲಿನಿಂದ ಸುರಿದ ಸಮಾಜ ನಮ್ಮದು. ದೇವರ ಮುಂದೆ ಎಲ್ಲರೂ ಸಮಾನರೆಂದು ಸಾರುವ ನಾವು ಕೂಡ ಈ ಭಾವನೆಯಿಂದ ಪೂರ್ತಿ ಬಿಡುಗಡೆ ಹೊಂದಿದ್ದೇವೆಯೇ? ದೇವಾಲಯದ ಅಂಗಳವನ್ನು ಗುಡಿಸುವ ಕೆಲಸ ನಮ್ಮಲ್ಲಿ ಯಾರ ಪಾಲಿಗೆ ಬರುತ್ತದೆ, ಹಬ್ಬದ ಊಟದ ಎಲೆಯನ್ನು ಯಾರು ಎತ್ತುತ್ತಾರೆ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ಉತ್ತರ ದೊರೆಯುತ್ತದೆ.

ಪವಿತ್ರ ಗುರುವಾರದಂದು ಗುರುಗಳು ಪಾದ ತೊಳೆಯುವುದನ್ನು ನಾವು ಭಕ್ತಿಯಿಂದ ನೋಡುತ್ತೇವೆ. ಅಂದಿನ ಪಾಲೆಸ್ತೀನಿನಲ್ಲಿ ಅದು ಆಳಿನ ಕೆಲಸವಾಗಿತ್ತು. ಪೇತ್ರನು ಬೆಚ್ಚಿ ಬೇಡವೆಂದುದೂ ಅದಕ್ಕಾಗಿಯೇ. ಹಾಗೆ ನೋಡಿದರೆ ಓಣಿಯ ನಡುವೆ, ನೆರೆಹೊರೆಯವರ ಕಣ್ಣೆದುರಿಗೆ, ಬೇರೆಯವರು ಎಸೆದ ಪಾಕೀಟನ್ನು ಎತ್ತುವುದು ಇಂದಿನ ಪಾದಸೇವೆ.

ಧರ್ಮಸಭೆಯಲ್ಲಿ ಕಸಬರಿಗೆಯನ್ನೇ ಗುರುತಾಗಿ ಪಡೆದ ಸಂತರೊಬ್ಬರಿದ್ದಾರೆ. ಪೆರು ದೇಶದ ಲೀಮಾ ನಗರದಲ್ಲಿ 1579ರಲ್ಲಿ ಜನಿಸಿದ ಸಂತ ಮಾರ್ಟಿನ್ ದೆ ಪೋರಸ್ ಅವರ ತಂದೆ ಸ್ಪೇನಿನ ಕುಲೀನ. ತಾಯಿ ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಮಹಿಳೆ. ಬಣ್ಣದ ಕಾರಣಕ್ಕೆ ಅವಮಾನವನ್ನುಂಡ ಅವರು ಡೊಮಿನಿಕನ್ ಮಠದಲ್ಲಿ ನೆಲ ಗುಡಿಸಿದರು, ಕ್ಷೌರ ಮಾಡಿದರು, ರೋಗಿಗಳ ಶುಶ್ರೂಷೆ ಮಾಡಿದರು. 1639ರಲ್ಲಿ ತೀರಿಕೊಂಡ ಅವರನ್ನು 1962ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಸಂತಪದವಿಗೇರಿಸಿದರು. ಅವರ ಚಿತ್ರಗಳಲ್ಲಿ ಇಂದಿಗೂ ಕೈಯಲ್ಲಿ ಪೊರಕೆ ಇರುತ್ತದೆ.

ನಮ್ಮ ಜಿಲ್ಲೆಯವರಿಗೆ ಈ ವಿಚಾರ ಹೊರಗಿನಿಂದ ಬರಬೇಕಾಗಿಯೂ ಇಲ್ಲ. ಬಸವನ ಬಾಗೇವಾಡಿಯ ಹೆಸರಿನಲ್ಲೇ ಇರುವ ಬಸವಣ್ಣನವರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಸತ್ಯಕ್ಕನೆಂಬ ಶರಣೆಗೆ ಭಕ್ತರ ಮನೆಯಂಗಳ ಗುಡಿಸುವುದೇ ಕಾಯಕವಾಗಿತ್ತು. ದಾರಿಯಲ್ಲಿ ಬಂಗಾರ ಕಂಡರೂ ಮುಟ್ಟಲಾರೆನೆಂದು ಆಣೆಯಿಟ್ಟ ವಚನವೊಂದು ಆಕೆಯ ಹೆಸರಿನಲ್ಲಿದೆ. ಬಂಗಾರಕ್ಕೆ ಬಗ್ಗದ ಆಕೆ ಕಸಕ್ಕೆ ಬಗ್ಗಿದಳು. ಲೀಮಾದ ಸಂತರೂ ನಮ್ಮ ಶರಣೆಯೂ ಒಂದೇ ಪಾಠವನ್ನು ಕಲಿಸುತ್ತಾರೆ: ಕೆಲಸ ಕೀಳಲ್ಲ, ಕೀಳೆಂದು ಕಾಣುವ ಕಣ್ಣು ಕೀಳು.

ಆರಂಭಿಸುವುದು ಹೇಗೆ?

ಮೊದಲು ಸ್ಥಳವನ್ನು ಚಿಕ್ಕದಾಗಿ ಆರಿಸಿಕೊಳ್ಳಬೇಕು. ಊರನ್ನೆಲ್ಲ ಸ್ವಚ್ಛಗೊಳಿಸುತ್ತೇವೆಂದು ಹೊರಟವರು ಎರಡನೆಯ ವಾರಕ್ಕೆ ದಣಿಯುತ್ತಾರೆ. ನಿಮ್ಮ ಮನೆಯ ಬಾಗಿಲಿನಿಂದ ಓಣಿಯ ತಿರುವಿನವರೆಗೆ ನೂರು ಹೆಜ್ಜೆ ಸಾಕು. ವಾರದಲ್ಲಿ ಒಂದು ದಿನ, ಒಂದೇ ಹೊತ್ತು. ಭಾನುವಾರದ ಬಲಿಪೂಜೆಗೆ ದೂರ ಹೋಗಬೇಕಾದ ಕುಟುಂಬಗಳಿಗೆ ಶನಿವಾರದ ಮುಂಜಾನೆ ಅನುಕೂಲ. ನಮ್ಮ ಸೀಮೆಯ ಬಿಸಿಲಿನಲ್ಲಿ ಎಂಟು ಗಂಟೆಯೊಳಗೆ ಕೆಲಸ ಮುಗಿಯಬೇಕು.

ಸಾಮಾನು ಹೆಚ್ಚೇನೂ ಬೇಡ: ದಪ್ಪನೆಯ ಕೈಗವಸು, ಎರಡು ಗೋಣಿಚೀಲ, ಒಂದು ಉದ್ದ ಕೋಲು, ಒಂದು ಇಕ್ಕಳ. ಕಸದ ಗುಡ್ಡೆಗೆ ನೇರವಾಗಿ ಕೈ ಹಾಕಬಾರದು. ಮೊದಲು ಕೋಲಿನಿಂದ ಸರಿಸಿ ನೋಡಬೇಕು. ಚೇಳು, ಕೊಳಕುಮಂಡಲ ಹಾವುಗಳಿಗೆ ಇಂಥ ಗುಡ್ಡೆಗಳು ಆಶ್ರಯ. ಕಾಲಿಗೆ ಚಪ್ಪಲಿಯ ಬದಲು ಬೂಟು ಇರಲಿ. ಒಡೆದ ಗಾಜನ್ನು ಹಿರಿಯರೇ ಎತ್ತಿ ಗಟ್ಟಿ ಡಬ್ಬಿಯಲ್ಲಿ ಹಾಕಬೇಕು. ಸೂಜಿ, ಆಸ್ಪತ್ರೆಯ ತ್ಯಾಜ್ಯ ಕಂಡರೆ ಮುಟ್ಟದೆ ಪಂಚಾಯಿತಿಗೆ ತಿಳಿಸಬೇಕು. ಚರಂಡಿಗೆ ಇಳಿಯಬಾರದು. ಹೆದ್ದಾರಿಯ ಅಂಚಿಗೆ ಮಕ್ಕಳನ್ನು ಕರೆದೊಯ್ಯಲೇಬಾರದು. ಅವರಿಗೆ ಶಾಲೆಯ ಸುತ್ತಮುತ್ತಲೇ ಸಾಕಷ್ಟು ಕೆಲಸವಿದೆ. ಮುಗಿದ ಮೇಲೆ ಸಾಬೂನಿನಿಂದ ಕೈಕಾಲು ತೊಳೆಯಬೇಕು. ಧನುರ್ವಾಯುವಿನ ಚುಚ್ಚುಮದ್ದು ಹಳೆಯದಾಗಿದ್ದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು ಒಳಿತು.

ಒಂದು ನೋಟುಪುಸ್ತಕವೂ ಜೊತೆಗಿರಲಿ. ಎಷ್ಟು ಲೋಟ, ಎಷ್ಟು ಬಾಟಲಿ, ಎಷ್ಟು ಪಾಕೀಟು ಎಂದು ಮಕ್ಕಳು ಎಣಿಸಿ ಬರೆಯಲಿ. ನಾಲ್ಕು ವಾರಗಳಲ್ಲಿ ಕಸ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಲೋಟಗಳೇ ಹೆಚ್ಚಾಗಿದ್ದರೆ ಚಹಾದಂಗಡಿಯವರೊಡನೆ ಮಾತನಾಡಬೇಕು. ಜಗಳವಾಡಲಿಕ್ಕಲ್ಲ, ಅಂಗಡಿಯ ಮುಂದೆ ಒಂದು ಡಬ್ಬಿ ಇಡೋಣವೇ ಎಂದು ಕೇಳಲಿಕ್ಕೆ. ತಾನೇ ಆಯ್ದವನು ಕೇಳಿದರೆ ಅಂಗಡಿಯವನಿಗೂ ಇಲ್ಲವೆನ್ನುವುದು ಕಷ್ಟ.

ಆಯ್ದ ಕಸ ಎಲ್ಲಿಗೆ?

ಆಯ್ದುದನ್ನು ಊರ ಹೊರಗಿನ ಹಳ್ಳಕ್ಕೆ ಸುರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಬೆಂಕಿ ಹಚ್ಚಿದರೆ ಇನ್ನೂ ಕೆಟ್ಟದು. ಪಿವಿಸಿಯಂಥ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ವಿಷ ಹೊರಬೀಳುತ್ತದೆ. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಡುವವರಿಗೆ 25,000 ರೂಪಾಯಿ ದಂಡವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2016ರ ಡಿಸೆಂಬರ್‌ನಲ್ಲಿ ಗೊತ್ತುಪಡಿಸಿತು.

ಆದ್ದರಿಂದ ಕೆಲಸ ಆರಂಭಿಸುವ ಮುನ್ನವೇ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯನ್ನು ಕಂಡು ಒಣಕಸವನ್ನು ಎಲ್ಲಿಗೆ ಒಪ್ಪಿಸಬೇಕೆಂದು ವಿಚಾರಿಸಬೇಕು. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಘನತ್ಯಾಜ್ಯ ಘಟಕಗಳಿವೆ. ಸ್ವಸಹಾಯ ಸಂಘದ ಮಹಿಳೆಯರೇ ನಡೆಸುವ ಸ್ವಚ್ಛವಾಹಿನಿ ಗಾಡಿಗಳಿವೆ. ನೀರಿನ ಬಾಟಲಿ, ರಟ್ಟು, ತಗಡುಗಳಿಗೆ ಗುಜರಿಯಲ್ಲಿ ಬೆಲೆಯಿದೆ. ಆ ಹಣ ಚಿಂದಿ ಆಯುವವರ ಹೊಟ್ಟೆಪಾಡು. ಅವರಿರುವ ಕಡೆ ಅದನ್ನು ಅವರಿಗೇ ಬಿಟ್ಟುಕೊಡುವುದು ಧರ್ಮ. ಬೆಲೆಯಿಲ್ಲದ ಮಿನುಗುವ ಪಾಕೀಟುಗಳೇ ನಿಜವಾದ ತಲೆನೋವು; ಅವುಗಳಿಗೆ ಉತ್ತಮ ಮದ್ದೆಂದರೆ ಕೊಳ್ಳದಿರುವುದು.

ಕೇಳಿಬರುವ ಎರಡು ಪ್ರಶ್ನೆ

‘ಇದು ಪಂಚಾಯಿತಿಯ ಕೆಲಸವಲ್ಲವೇ?’ ಹೌದು, ಅದರ ಕರ್ತವ್ಯವೇ. ನಾವು ಆಯುವುದರಿಂದ ಆ ಹೊಣೆ ತಪ್ಪುವುದಿಲ್ಲ. ಡಬ್ಬಿ, ಗಾಡಿ, ಪೌರಕಾರ್ಮಿಕರಿಗೆ ಕೈಗವಸು ಮತ್ತು ಸಕಾಲಕ್ಕೆ ಸಂಬಳ ಇವುಗಳನ್ನು ಗ್ರಾಮಸಭೆಯಲ್ಲಿ ಕೇಳಲೇಬೇಕು. ಕೈ ಕೊಳೆ ಮಾಡಿಕೊಂಡವನ ಮಾತಿಗೆ ಅಲ್ಲಿ ಹೆಚ್ಚಿನ ತೂಕವಿರುತ್ತದೆ.

‘ಇಂದು ತೆಗೆದರೆ ನಾಳೆ ಮತ್ತೆ ಬೀಳುವುದಿಲ್ಲವೇ?’ ಬೀಳುತ್ತದೆ. ಮುಂಬಯಿಯ ವೆರ್ಸೋವಾ ಕಡಲತೀರದಲ್ಲಿ 2015ರ ಅಕ್ಟೋಬರ್‌ನಲ್ಲಿ ವಕೀಲ ಅಫ್ರೋಜ್ ಷಾ ಮತ್ತು ಅವರ ನೆರೆಯ 84 ವರ್ಷದ ಹಿರಿಯರು, ಇಬ್ಬರೇ ಕಸ ಆಯಲು ನಿಂತಾಗಲೂ ಸಮುದ್ರ ಮರುದಿನ ಮತ್ತೆ ಕಸ ತಂದು ಹಾಕಿತು. ಅವರು ಮತ್ತೆ ಮತ್ತೆ ಬಂದರು. ಸಾವಿರಾರು ಜನ ಕೂಡಿಕೊಂಡರು. 2018ರ ಮಾರ್ಚ್‌ನಲ್ಲಿ ಅದೇ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಯ ಮರಿಗಳು ಕಂಡುಬಂದವು. ನಮ್ಮ ರಾಜ್ಯದಲ್ಲಿಯೂ ಮಂಗಳೂರಿನ ರಾಮಕೃಷ್ಣ ಮಠದ ಸ್ವಚ್ಛತಾ ಅಭಿಯಾನ 2015ರಿಂದ ಭಾನುವಾರಗಳನ್ನೇ ಆಧರಿಸಿ ಬೆಳೆಯಿತು. ಬೆಂಗಳೂರಿನಲ್ಲಿ 2010ರಲ್ಲಿ ಕೆಲಸ ಆರಂಭಿಸಿದ ‘ದಿ ಅಗ್ಲಿ ಇಂಡಿಯನ್’ ಬಳಗ ಹೆಸರು ಹೇಳದೆ, ಭಾಷಣ ಮಾಡದೆ, ಕಸ ಬೀಳುವ ಮೂಲೆಗಳನ್ನು ಗುಡಿಸಿ ಬಣ್ಣ ಬಳಿದು ತೋರಿಸಿತು. ಅಂದವಾದ ಮೂಲೆಗೆ ಕಸ ಎಸೆಯಲು ಜನ ಹಿಂಜರಿಯುತ್ತಾರೆ. ವಾರವಾರವೂ ಮರಳಿ ಬರುವವರು ಮಾತ್ರ ಇಲ್ಲಿ ಗೆಲ್ಲುತ್ತಾರೆ.

ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವುದು, ಕಸವನ್ನು ವಿಂಗಡಿಸುವುದು, ತಿನ್ನುವಷ್ಟೇ ಅಡಿಗೆ ಮಾಡುವುದು ಮೊದಲಾದ ದಿನನಿತ್ಯದ ಸಣ್ಣ ಕೆಲಸಗಳನ್ನೇ ಸೃಷ್ಟಿಯ ಪಾಲನೆಯೆಂದು ಎಣಿಸಿದರು. ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲವನ್ನು ಆಚರಿಸುತ್ತೇವೆ. ಅಷ್ಟು ದಿನ ಕಾಯಬೇಕಾಗಿಲ್ಲ. ಮುಂದಿನ ಹಬ್ಬದ ಊಟಕ್ಕೆ, ಮದುವೆಗೆ, ಮಕ್ಕಳ ಮೊದಲ ಪರಮಪ್ರಸಾದದ ಸಂಭ್ರಮಕ್ಕೆ ಸ್ಟೀಲಿನ ತಟ್ಟೆ ಲೋಟಗಳನ್ನು ತಂದು, ತೊಳೆಯಲು ನಾವೇ ನಿಲ್ಲೋಣ. ಬೇರೆಯವರ ಜಾತ್ರೆಯ ಕಸವನ್ನು ಕುರಿತು ಮಾತನಾಡುವ ಮುನ್ನ ನಮ್ಮ ಹಬ್ಬದ ಅಂಗಳ ಹಸನಾಗಿರಲಿ.

2005ರಲ್ಲಿ ಸ್ಥಾಪನೆಯಾದ ನಮ್ಮ ಗುಲ್ಬರ್ಗಾ ಧರ್ಮಪ್ರಾಂತ್ಯ ಸಂಖ್ಯೆಯಲ್ಲಿ ಚಿಕ್ಕದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಾವು ಕೆಲವರೇ. ಹನ್ನೆರಡು ಬುಟ್ಟಿಗಳನ್ನು ತುಂಬಿದವರೂ ಕೆಲವರೇ. ಐದು ಸಾವಿರ ಜನ ಉಂಡೆದ್ದ ಬಯಲಿನಲ್ಲಿ ಅವರು ತಮ್ಮ ಸಂಖ್ಯೆಯನ್ನು ಎಣಿಸುತ್ತ ಕೂರಲಿಲ್ಲ, ಬುಟ್ಟಿಯನ್ನು ಕೈಗೆತ್ತಿಕೊಂಡರು. ಈ ಶನಿವಾರ ನಮ್ಮ ಓಣಿಯ ನೂರು ಹೆಜ್ಜೆಯಲ್ಲಿ ನಾವೂ ಒಂದು ಬುಟ್ಟಿಯನ್ನು ತುಂಬೋಣ.