ಬೆಳ್ಳುಳ್ಳಿ ತಿನ್ನೋರಿಗೂ ತಿನ್ನದವರಿಗೂ ಫೊಕಾಚಿಯಾ: ಬೆಳಗೊಳದ ಅಡುಗೆಮನೆಯಿಂದ

(ಈ ವಾರದ ಎಪಿಸೋಡ್‌ನ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಕೈ ತೊಳೆದು ಹಿಟ್ಟು ಕಲಸೋಕೆ ನಿಂತಿದ್ದೀರೋ ಗೊತ್ತಿಲ್ಲ. ಇವತ್ತಿನ ವಿಷಯ ಫೊಕಾಚಿಯಾ. ಇಟಲಿಯ ಚಪ್ಪಟೆ ಬ್ರೆಡ್. ಮೇಲೆಲ್ಲಾ ಬೆರಳಲ್ಲಿ ಒತ್ತಿದ ಗುಳಿ, ಗುಳಿಯೊಳಗೆ ಎಣ್ಣೆ, ಉಪ್ಪು, ಘಮ ಘಮ ಅನ್ನೋ ಎಲೆ. ರೀಲ್ಸ್‌ನಲ್ಲಿ ನೋಡೇ ಇರ್ತೀರಿ. ಆ ವಿಡಿಯೋಗಳಲ್ಲಿ ಬೆಳ್ಳುಳ್ಳಿ ಇಲ್ಲದ್ದು ಹುಡುಕಿದ್ರೆ ಕಷ್ಟ.

ನಾನಿರೋದು ಶ್ರವಣಬೆಳಗೊಳದಲ್ಲಿ. ಹಾಸನ ಜಿಲ್ಲೆ, ಚನ್ನರಾಯಪಟ್ಟಣ ತಾಲ್ಲೂಕು. ಈ ಕಡೆ ವಿಂಧ್ಯಗಿರಿ ಮೇಲೆ ಗೊಮ್ಮಟೇಶ್ವರ, ಆ ಕಡೆ ಚಂದ್ರಗಿರಿ, ನಡುವೆ ಕಲ್ಯಾಣಿ. ನಮ್ಮನೇಲಿ ಬೆಳ್ಳುಳ್ಳಿ ತಿಂತೀವಿ. ಪಕ್ಕದ ಜೈನರ ಮನೇಲಿ ತಿನ್ನಲ್ಲ. ಆದ್ರೆ ಹೊಸದೇನಾದ್ರೂ ಮಾಡಿದಾಗ ಒಂದು ತಟ್ಟೆ ಆ ಮನೆಗೆ ಹೋಗ್ಲೇಬೇಕು, ಅವರ ಮನೆಯಿಂದ ಒಂದು ತಟ್ಟೆ ಬರ್ಲೇಬೇಕು. ಹಾಗಾಗಿ ನನಗೆ ಫೊಕಾಚಿಯಾ ಅಂದ್ರೆ ಬರೀ ರೆಸಿಪಿ ಅಲ್ಲ. ಬೆಳ್ಳುಳ್ಳಿ ತೆಗೆದ್ರೆ ಅದು ಫೊಕಾಚಿಯಾ ಆಗಿ ಉಳಿಯುತ್ತಾ? ತೆಗೆದ್ರೆ ಮಾತ್ರ ಪಕ್ಕದ ಮನೆಯವರು ನೆಮ್ಮದಿಯಾಗಿ ತಿನ್ನಬಹುದಾ? ಈ ಎರಡು ಪ್ರಶ್ನೆಗೆ ಉತ್ತರ ಹುಡುಕೋಣ.

ಬೆಳ್ಳುಳ್ಳಿ ಎಲ್ಲಿಂದ ಬಂತು?

ಫೊಕಾಚಿಯಾ ಅನ್ನೋ ಹೆಸರಿನ ಮೂಲ ಲ್ಯಾಟಿನ್‌ನ ‘ಫೋಕಸ್’. ಅಂದ್ರೆ ಒಲೆ. ಒಲೆಯ ರೊಟ್ಟಿ ಅಂತ ಇಟ್ಕೊಳ್ಳಿ. ಇದಕ್ಕೆ ಹೆಸರುವಾಸಿಯಾದ ಊರು ಇಟಲಿಯ ವಾಯವ್ಯ ಕರಾವಳಿಯ ಜಿನೋವಾ. ಅಲ್ಲಿನ ಹಳೇ ಪದ್ಧತಿಯ ಫೊಕಾಚಿಯಾದಲ್ಲಿ ಇರೋದು ಹಿಟ್ಟು, ನೀರು, ಈಸ್ಟ್, ಉಪ್ಪು, ಆಲಿವ್ ಎಣ್ಣೆ. ಅಷ್ಟೇ, ಬೆಳ್ಳುಳ್ಳಿ ಇಲ್ಲ. ನಾವು ಪಿಜ್ಜಾ ಅಂಗಡಿಯಲ್ಲಿ ತಿನ್ನೋ ಗಾರ್ಲಿಕ್ ಬ್ರೆಡ್ ಇದೆಯಲ್ಲ, ಅದು ಅಮೆರಿಕಕ್ಕೆ ಹೋದ ಇಟಲಿಯವರ ಅಡುಗೆಯಿಂದ ಹರಡಿದ್ದು. ಎರಡೂ ಸೇರ್ಕೊಂಡು ಫೊಕಾಚಿಯಾ ಅಂದ್ರೆ ಬೆಳ್ಳುಳ್ಳಿ ಅನ್ನೋ ಹಾಗಾಗಿದೆ. ಅಂದ್ರೆ ಬೆಳ್ಳುಳ್ಳಿ ಬಿಟ್ರೆ ನೀವು ಜಿನೋವಾಕ್ಕೆ ಇನ್ನೂ ಹತ್ತಿರವಾಗ್ತೀರಿ.

ಹಾಗಾದ್ರೆ ರುಚಿ ಬರೋದು ಯಾವುದರಿಂದ? ಮೂರರಿಂದ: ಚೆನ್ನಾಗಿ ಹುದುಗಿದ ಹಿಟ್ಟು, ಧಾರಾಳ ಎಣ್ಣೆ, ಮತ್ತೆ ಉಪ್ಪು ನೀರು. ಬೇಯಿಸೋ ಮುಂಚೆ ಗುಳಿಗಳಿಗೆ ಉಪ್ಪು ನೀರು, ಎಣ್ಣೆ ಸುರೀತಾರೆ. ನೀರಿರೋದ್ರಿಂದ ಮೇಲ್ಭಾಗ ಬೇಗ ಒಣಗಿ ಗಟ್ಟಿಯಾಗಲ್ಲ. ಗುಳಿಯೊಳಗೆ ಮೆತ್ತಗೆ, ಉಪ್ಪುಪ್ಪಾಗಿ ಇರುತ್ತೆ. ಸುತ್ತ ಗರಿಗರಿ.

ಈಗ ಅಳತೆ ಹೇಳ್ತೀನಿ, ಬರ್ಕೊಳ್ಳಿ

ಮೈದಾ 400 ಗ್ರಾಂ. ನೀರು 320 ಮಿಲಿ. ಇನ್‌ಸ್ಟಂಟ್ ಈಸ್ಟ್ ಒಂದು ಟೀ ಚಮಚ, ಅಂದ್ರೆ ಸುಮಾರು 3 ಗ್ರಾಂ. ಉಪ್ಪು 7 ಗ್ರಾಂ. ಎಣ್ಣೆ ಎರಡು ದೊಡ್ಡ ಚಮಚ ಹಿಟ್ಟಿಗೆ, ಎರಡು ಟ್ರೇಗೆ, ಎರಡು ಮೇಲಕ್ಕೆ. ಆಲಿವ್ ಎಣ್ಣೆ ದುಬಾರಿ ಅನ್ಸಿದ್ರೆ ಗಾಣದ ಕಡ್ಲೆಕಾಯಿ ಎಣ್ಣೆ ಹಾಕಿ. ರುಚಿ ಬೇರೆ ಬರುತ್ತೆ, ಕೆಟ್ಟದಾಗೇನೂ ಇರಲ್ಲ.

ಎಲ್ಲಾ ಸೇರಿಸಿ ಕಲಸಿ. ಚಪಾತಿ ಹಿಟ್ಟಿನ ಥರ ಗಟ್ಟಿ ಇರಲ್ಲ, ಕೈಗೆ ಅಂಟುತ್ತೆ. ಗಾಬರಿಯಾಗಿ ಮೈದಾ ಸುರೀಬೇಡಿ. ನೀರು ಜಾಸ್ತಿ ಇದ್ರೇನೇ ಒಳಗೆ ದೊಡ್ಡ ದೊಡ್ಡ ತೂತು ಬರೋದು. ನಾದೋದೂ ಬೇಡ. ಅರ್ಧ ಗಂಟೆಗೊಮ್ಮೆ ಕೈ ಒದ್ದೆ ಮಾಡ್ಕೊಂಡು, ಹಿಟ್ಟಿನ ಅಂಚು ಎಳೆದು ನಡುವಿಗೆ ಮಡಚಿ. ಮೂರು ಸಲ ಮಾಡಿದ್ರೆ ಹಿಟ್ಟು ತಾನಾಗೇ ಬಿಗಿಯಾಗುತ್ತೆ.

ಸುಮಾರು ಎರಡು ಗಂಟೆಯಲ್ಲಿ ಹಿಟ್ಟು ಎರಡರಷ್ಟಾಗುತ್ತೆ. ಚಳಿಗಾಲದಲ್ಲಿ ನಮ್ಮ ಕಡೆ ಇನ್ನೊಂದು ಗಂಟೆ ಬೇಕು. ಗಡಿಯಾರ ನೋಡ್ಬೇಡಿ, ಹಿಟ್ಟು ನೋಡಿ. ಆಮೇಲೆ ಎಣ್ಣೆ ಸವರಿದ 10 ಇಂಚಿನ ಟ್ರೇಗೆ ಹಾಕಿ, ಹರಡಿ, 40 ನಿಮಿಷ ಬಿಡಿ. ಮೂರು ದೊಡ್ಡ ಚಮಚ ನೀರಿಗೆ ಅರ್ಧ ಟೀ ಚಮಚ ಉಪ್ಪು, ಎರಡು ಚಮಚ ಎಣ್ಣೆ ಕದಡಿ ಮೇಲೆ ಸುರೀರಿ. ಬೆರಳು ತಳ ಮುಟ್ಟೋವರೆಗೂ ಒತ್ತಿ ಗುಳಿ ಮಾಡಿ. ಮೊದಲೇ ಬಿಸಿ ಮಾಡಿದ ಒಟಿಜಿಯಲ್ಲಿ, ಕೆಳಗಿನ ಅಂತಸ್ತಿನಲ್ಲಿ, 220 ಡಿಗ್ರಿಗೆ 20ರಿಂದ 25 ನಿಮಿಷ. ತಳ ಕೆಂಪಗಾದ್ರೆ ಆಯ್ತು.

ಬೆಳ್ಳುಳ್ಳಿ ಬೇಕು ಅನ್ನೋರಿಗೆ

ಬಿಡಿಸದ ಬೆಳ್ಳುಳ್ಳಿ ಎಸಳು ಮೂಸಿ ನೋಡಿ. ಹೆಚ್ಚು ವಾಸನೆ ಇರಲ್ಲ. ಜಜ್ಜಿದ ಕೂಡಲೇ ಅದರೊಳಗಿನ ಅಲೀನ್ ಅನ್ನೋ ವಸ್ತುವಿಗೆ ಅಲಿನೇಸ್ ಅನ್ನೋ ಕಿಣ್ವ ತಾಗಿ ಅಲಿಸಿನ್ ಹುಟ್ಟುತ್ತೆ. ಆ ಖಾರದ ಘಾಟು ಅದೇ. ಹಸಿ ಬೆಳ್ಳುಳ್ಳಿ ಹೆಚ್ಚಿ ಬ್ರೆಡ್ ಮೇಲೆ ಉದುರಿಸಿದ್ರೆ 220 ಡಿಗ್ರಿಯಲ್ಲಿ ಸುಟ್ಟು ಕಹಿಯಾಗುತ್ತೆ. ಅದಕ್ಕೆ ಎಸಳುಗಳನ್ನ ಸಣ್ಣ ಉರಿಯಲ್ಲಿ ಎಣ್ಣೆಯೊಳಗೆ ಮೆತ್ತಗಾಗೋವರೆಗೂ ಬೇಯಿಸಿ ಗುಳಿಯೊಳಗೆ ಒತ್ತಿ. ಮಿಕ್ಕಿದ ಬೆಳ್ಳುಳ್ಳಿ ಎಣ್ಣೆಯನ್ನ ಹೊರಗಿಡ್ಬೇಡಿ. ಗಾಳಿ ಆಡದ ಎಣ್ಣೆಯೊಳಗೆ ಬೊಟುಲಿಸಂ ತರೋ ಬ್ಯಾಕ್ಟೀರಿಯಾ ಬೆಳೆಯೋ ಅಪಾಯ ಇದೆ. ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ.

ಬೇಡ ಅನ್ನೋರಿಗೆ

ರೋಸ್‌ಮೇರಿ, ಒರೆಗಾನೊ ಹುಡುಕ್ಕೊಂಡು ಹಾಸನದವರೆಗೆ ಹೋಗ್ಬೇಡಿ. ಹಿತ್ತಿಲಲ್ಲಿ ದೊಡ್ಡಪತ್ರೆ ಇದೆಯಾ ನೋಡಿ. ನಾವು ತಂಬುಳಿ ಮಾಡ್ತೀವಲ್ಲ, ಅದೇ. ಒರೆಗಾನೊಗೆ ಆ ಘಮ ಕೊಡೋ ಕಾರ್ವಕ್ರೋಲ್ ದೊಡ್ಡಪತ್ರೆಯಲ್ಲೂ ಇದೆ. ಇಟಲಿಯವರ ಥೈಮ್‌ನಲ್ಲಿರೋ ಥೈಮಾಲ್ ನಮ್ಮ ಓಂಕಾಳಲ್ಲಿ ಇದೆ. ದೊಡ್ಡಪತ್ರೆ ನೀರಿನಂಶ ಜಾಸ್ತಿ ಇರೋ ಎಲೆ. ಹಾಗೇ ಹಾಕಿದ್ರೆ ಬ್ರೆಡ್ ಒದ್ದೆ ಆಗುತ್ತೆ. ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಒಂದು ನಿಮಿಷ ಬಾಡಿಸಿ ಹಾಕಿ. ಬೆಳ್ಳುಳ್ಳಿಯ ಗಾಢ ವಾಸನೆ ಬೇಕೇ ಬೇಕು ಅಂದ್ರೆ ಆ ಎಣ್ಣೆಗೆ ಚಿಟಿಕೆ ಇಂಗು. ಇಂಗಿನ ವಾಸನೆಯೂ ಗಂಧಕದ ಸಂಯುಕ್ತಗಳಿಂದಲೇ ಬರೋದು, ಅದಕ್ಕೇ ಎರಡಕ್ಕೂ ಹೋಲಿಕೆ.

ಇಷ್ಟಾದ್ರೆ ಜೈನರ ಮನೆಗೆ ಕೊಡಬಹುದಾ?

ತಟ್ಟೆ ಹಿಡ್ಕೊಂಡು ಹೋದಾಗ ಪಕ್ಕದ ಮನೆ ಅಜ್ಜಿ ಬಾಗಿಲಲ್ಲೇ ಕೇಳಿದ್ರು: “ಬೆಳ್ಳುಳ್ಳಿ ಹಾಕಿಲ್ಲ ತಾನೇ ಮಗಾ? ಹಿಟ್ಟು ಯಾವಾಗ ಕಲಸಿದ್ದು?” ಎರಡನೇ ಪ್ರಶ್ನೆಯಲ್ಲೇ ವಿಷಯ ಇರೋದು.

ಜೈನರ ಆಹಾರ ಪದ್ಧತಿಯ ತಳಹದಿ ಅಹಿಂಸೆ. ಬೆಳ್ಳುಳ್ಳಿ, ಈರುಳ್ಳಿ, ಆಲೂಗಡ್ಡೆ, ಮೂಲಂಗಿ ಇವೆಲ್ಲ ಕಂದಮೂಲ. ಒಂದೊಂದು ಗೆಡ್ಡೆಯೊಳಗೆ ಅನಂತ ಜೀವಗಳಿವೆ ಅನ್ನೋದು ಅವರ ನಂಬಿಕೆ. ಕಿತ್ರೆ ಇಡೀ ಗಿಡ ಸಾಯುತ್ತೆ, ಮಣ್ಣಿನ ಹುಳ ಹುಪ್ಪಟೆಗೂ ಹಾನಿ. ಇಟಲಿಯ ಬಾರಿ ಊರಿನ ಫೊಕಾಚಿಯಾಗೆ ಬೇಯಿಸಿದ ಆಲೂಗಡ್ಡೆ ಕಲಸ್ತಾರೆ. ಆಲೂಗಡ್ಡೆ ಬೆಳೆಯೋ ಹಾಸನದವರಿಗೆ ಅದು ಇಷ್ಟ ಆಗುತ್ತೆ, ಆದ್ರೆ ಈ ತಟ್ಟೆಗೆ ಅದೂ ಬರಲ್ಲ.

ಇನ್ನು ಈಸ್ಟ್. ಅದು ಜೀವ ಇರೋ ಶಿಲೀಂಧ್ರ. ಈಸ್ಟ್ ಬ್ರೆಡ್ ತಿನ್ನೋ ಜೈನ ಮನೆಗಳಿವೆ, ಮುಟ್ಟದ ಮನೆಗಳೂ ಇವೆ. ರಾತ್ರಿ ಉಳಿದದ್ದನ್ನ, ಕತ್ತಲಾದ ಮೇಲೆ ಏನನ್ನೂ ತಿನ್ನದವರಿದ್ದಾರೆ. ಅಂಥವರಿಗೆ ಫ್ರಿಜ್‌ನಲ್ಲಿ ರಾತ್ರಿಯೆಲ್ಲಾ ಇಟ್ಟ ಹಿಟ್ಟು ಆಗಲ್ಲ. ಅಷ್ಟಮಿ, ಚತುರ್ದಶಿ ದಿನ ಹಸಿರು ಸೊಪ್ಪು ಬಿಡೋರಿಗೆ ದೊಡ್ಡಪತ್ರೆ ಕೂಡ ಬೇಡ. ಹಾಗಾಗಿ ಮನೆಮನೆಗೂ ಪದ್ಧತಿ ಬೇರೆ. ಊಹೆ ಮಾಡ್ಬೇಡಿ, ಮೊದಲೇ ಕೇಳಿ. “ಒಂಚೂರು ಹಾಕಿದ್ರೆ ಗೊತ್ತಾಗಲ್ಲ ಬಿಡು” ಅನ್ನೋರು ಸಿಗ್ತಾರೆ. ನಾಲಿಗೆಗೆ ಗೊತ್ತಾಗದೇ ಇರಬಹುದು. ಆದ್ರೆ ಒಬ್ಬರು ಇಷ್ಟು ವರ್ಷ ಪಾಲಿಸಿದ್ದನ್ನ ಅವರಿಗೆ ಹೇಳದೇ ಮುರಿಯೋ ಹಕ್ಕು ನಮಗಿಲ್ಲ ಅಲ್ವಾ?

ಈಸ್ಟ್ ಕೂಡ ಬೇಡ ಅಂದ್ರೆ ಫರಿನಾಟಾ

ಇದಕ್ಕೂ ಉತ್ತರ ಜಿನೋವಾದಲ್ಲೇ ಇದೆ. ಅಲ್ಲಿ ಫರಿನಾಟಾ ಅಂತ ಮಾಡ್ತಾರೆ. ಕಡ್ಲೆಹಿಟ್ಟು, ನೀರು, ಎಣ್ಣೆ, ಉಪ್ಪು. ಈಸ್ಟ್ ಇಲ್ಲ, ಸೋಡಾ ಇಲ್ಲ. ಅಲ್ಲಿ ತಾಮ್ರದ ಅಗಲ ತಟ್ಟೆಯಲ್ಲಿ ತುಂಬಾ ಬಿಸಿ ಒಲೆಗೆ ಇಡ್ತಾರೆ. ನಮಗೆ ದೋಸೆ ಕಾವಲಿ ಸಾಕು.

ಜರಡಿ ಹಿಡಿದ ಕಡ್ಲೆಹಿಟ್ಟು 150 ಗ್ರಾಂ, ಸೋಸಿದ ನೀರು 300 ಮಿಲಿ, ಅರ್ಧ ಟೀ ಚಮಚ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ. ಗಂಟಿಲ್ಲದ ಹಾಗೆ ಕಲಸಿ ಬೆಳಗ್ಗೆಯೇ ಎರಡು ಗಂಟೆ ನೆನೆಯೋಕೆ ಬಿಡಿ. ಮೇಲೆ ಬಂದ ನೊರೆ ತೆಗೀರಿ. ಓಂಕಾಳು, ಜಜ್ಜಿದ ಕಾಳುಮೆಣಸು ಸೇರಿಸಿ. ಎಣ್ಣೆ ಕಾದ ಕಾವಲಿಗೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ ತಿರುವಿ ಹಾಕಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮೊಸರು ಮಾತ್ರ ಸೇರಿಸ್ಬೇಡಿ. ಬೇಳೆಕಾಳಿನ ಜೊತೆ ಮೊಸರು ಕೂಡಿದ್ರೆ ದ್ವಿದಳ ದೋಷ ಅಂತ ಬಿಡೋರಿದ್ದಾರೆ.

ಇನ್ನೊಂದು ಮಾತು. ಬೆಳ್ಳುಳ್ಳಿ ಬೆಂದ ಟ್ರೇ, ಅದೇ ಚಾಕು, ಅದೇ ಎಣ್ಣೆ ಬಳಸ್ಬೇಡಿ. ಬೇರೆ ಅಡುಗೆಮನೇಲಿ ಮಾಡಿದ್ದನ್ನೇ ತಿನ್ನದ ವ್ರತದವರಿದ್ರೆ ಬೇಜಾರಾಗ್ಬೇಡಿ. ಈ ಎಪಿಸೋಡ್ ಅವರಿಗೆ ವಾಟ್ಸಾಪ್ ಮಾಡಿ, ಅವರ ಮನೇಲೇ ಮಾಡ್ಕೊಳ್ಳಲಿ. ಆಗ ಒಂದು ತುಂಡು ಅಲ್ಲಿಂದ ನಿಮ್ಮನೆಗೆ ಬಂದ್ರೆ ಯಾರ ಕೈ ಚೆನ್ನಾಗಿದೆ ಅಂತ ನೋಡೋಣ.

ಮುಂದಿನ ವಾರ ಸಿಗ್ತೀನಿ, ನಮಸ್ಕಾರ.