ಹಾಡಿಗೆ ಒದಗಿದ ರೂಪ

ಸಂಗೀತವನ್ನು ಸವಿಯುವುದು ಕಿವಿಯಾದರೂ ನಾದ ಹುಟ್ಟುವ ಬಗೆಯನ್ನು ಕಾಣುವ ಆಸೆ ಕಣ್ಣಿಗೆ ಸಹಜವಾದುದು. ಪಿಟೀಲಿನ ಕಮಾನು ಓಡಾಡುವುದನ್ನೂ ಮೃದಂಗದ ಮೇಲೆ ಬೆರಳುಗಳು ಕುಣಿಯುವುದನ್ನೂ ನೋಡುವುದೇ ಒಂದು ಆನಂದ. ಸಿಂಥಸೈಜರ್ ಎಂಬ ವಾದ್ಯದಲ್ಲಿ ಅಂತಹ ಅವಕಾಶ ಕಡಿಮೆ. ವಿದ್ಯುತ್ತಿನಿಂದ ಸ್ವರಗಳನ್ನು ಸೃಷ್ಟಿಸುವ ಈ ಯಂತ್ರದ ಮುಂದೆ ವಾದಕನು ಬಹುಮಟ್ಟಿಗೆ ನಿಶ್ಚಲನಾಗಿ ನಿಂತಿರುತ್ತಾನೆ. ಈ ವಾದ್ಯವನ್ನೇ ಆಧರಿಸಿದ ‘ಸಿಂಥ್-ಪಾಪ್’ ಸಂಗೀತವು 1970ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಬೆಳೆದಾಗ, ನೋಡುವ ಕಣ್ಣಿಗೆ ಏನನ್ನು ನೀಡಬೇಕೆಂಬ ಪ್ರಶ್ನೆ ಎದುರಾಯಿತು. ಹಾಡಿಗಾಗಿಯೇ ತಯಾರಿಸಿದ ಕಿರುಚಿತ್ರಗಳು ಅದಕ್ಕೆ ಉತ್ತರವಾದವು.

ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡವು ನಿಶ್ಚಲತೆಯನ್ನೇ ಶೈಲಿಯನ್ನಾಗಿ ಮಾಡಿಕೊಂಡಿತು. 1978ರ ‘ದಿ ರೋಬೋಟ್ಸ್’ ಹಾಡಿನ ಚಿತ್ರದಲ್ಲಿ ಕಲಾವಿದರು ಕೆಂಪು ಅಂಗಿ, ಕಪ್ಪು ಟೈ ಧರಿಸಿ ಯಂತ್ರಮಾನವರಂತೆ ಚಲಿಸುತ್ತಾರೆ. ಯಂತ್ರದ ನಾದಕ್ಕೆ ಯಂತ್ರದ ರೂಪವೇ ಒಪ್ಪಿತು.

ಬ್ರಿಟನ್ನಿನ ಬಗಲ್ಸ್ ತಂಡದ ‘ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’ 1979ರಲ್ಲಿ ಹೊರಬಂದಿತು. ದೃಶ್ಯಮಾಧ್ಯಮದ ಮುಂದೆ ರೇಡಿಯೋ ತಾರೆಯ ಕೀರ್ತಿ ಮಸುಕಾಗುವುದೇ ಅದರ ವಸ್ತು. ಅಮೆರಿಕದಲ್ಲಿ 1981ರ ಆಗಸ್ಟ್ 1ರಂದು ಆರಂಭವಾದ ಎಂಟಿವಿ ವಾಹಿನಿಯು ಮೊಟ್ಟಮೊದಲು ಪ್ರಸಾರ ಮಾಡಿದ್ದು ಈ ಹಾಡಿನ ಚಿತ್ರವನ್ನೇ. ಹಗಲಿರುಳು ಹಾಡುಗಳನ್ನು ತೋರಿಸಬೇಕಾಗಿದ್ದ ವಾಹಿನಿಗೆ ಅಮೆರಿಕದ ಚಿತ್ರಗಳು ಸಾಲದಾದವು. ಬ್ರಿಟನ್ನಿನ ತಂಡಗಳ ಬಳಿ ಅವು ಸಿದ್ಧವಾಗಿದ್ದವು. ಹೀಗಾಗಿ ಅಮೆರಿಕದ ರೇಡಿಯೋ ಕೇಂದ್ರಗಳು ಅಷ್ಟಾಗಿ ಗಮನಿಸದಿದ್ದ ತಂಡಗಳು ಅಲ್ಲಿನ ಮನೆಗಳನ್ನು ಹೊಕ್ಕವು. ಹ್ಯೂಮನ್ ಲೀಗ್ ತಂಡದ ‘ಡೋಂಟ್ ಯು ವಾಂಟ್ ಮಿ’ 1982ರಲ್ಲಿ ಅಮೆರಿಕದಲ್ಲಿ ಅಗ್ರಸ್ಥಾನಕ್ಕೇರಿತು. ಚಲನಚಿತ್ರವೊಂದರ ಚಿತ್ರೀಕರಣವನ್ನೇ ಕಥೆಯಾಗಿಸಿದ ಅದರ ಚಿತ್ರವನ್ನು ನಿರ್ದೇಶಿಸಿದವನು ಸ್ಟೀವ್ ಬ್ಯಾರನ್.

ಅದೇ ನಿರ್ದೇಶಕನು ನಾರ್ವೆ ದೇಶದ ಎ-ಹಾ ತಂಡದ ‘ಟೇಕ್ ಆನ್ ಮಿ’ ಹಾಡಿಗೂ ರೂಪ ಕೊಟ್ಟನು. 1984ರಲ್ಲಿ ಮೊದಲು ಹೊರಬಂದಾಗ ಆ ಹಾಡು ಜನಮನವನ್ನು ಮುಟ್ಟಿರಲಿಲ್ಲ. ಮರುವರ್ಷ ಅದನ್ನು ಹೊಸದಾಗಿ ಧ್ವನಿಮುದ್ರಿಸಿ, ಹೊಸ ಚಿತ್ರವನ್ನೂ ತಯಾರಿಸಲಾಯಿತು. ಚಿತ್ರಕಥೆಯ ಪುಸ್ತಕ ಓದುತ್ತಿದ್ದ ತರುಣಿಯೆಡೆಗೆ ಪುಟದೊಳಗಿನ ನಾಯಕನು ಕೈ ಚಾಚುತ್ತಾನೆ. ಅವಳು ರೇಖೆಗಳ ಲೋಕವನ್ನು ಪ್ರವೇಶಿಸುತ್ತಾಳೆ. ನಟರನ್ನು ಮೊದಲು ಚಿತ್ರೀಕರಿಸಿ, ಫಿಲ್ಮಿನ ಒಂದೊಂದು ಬಿಂಬವನ್ನೂ ಅನುಸರಿಸಿ ಕೈಯಿಂದ ಚಿತ್ರ ಬರೆಯುವ ಈ ವಿಧಾನಕ್ಕೆ ರೋಟೋಸ್ಕೋಪ್ ಎಂದು ಹೆಸರು. ಸುಮಾರು 3,000 ಚಿತ್ರಗಳಿಗೆ 16 ವಾರ ಹಿಡಿಯಿತು. ಯಂತ್ರಸಂಗೀತದ ಈ ಹಾಡಿಗೆ ಮನುಷ್ಯನ ಕೈಬರಹವೇ ಜೀವಕಳೆ ತಂದಿತು.

ಈ ಚಿತ್ರಗಳ ಪ್ರಭಾವದಿಂದ ಹಾಡಿನೊಂದಿಗೆ ಚಿತ್ರವನ್ನೂ ತಯಾರಿಸುವುದು ವಾಡಿಕೆಯಾಯಿತು. ಕಂಠಕ್ಕಿಂತ ವೇಷವೇ ಮುಂದಾಗುವ ಅಪಾಯವೂ ಅದರೊಡನೆ ಬಂದಿತು. ಆದರೆ ಎ-ಹಾ ತಂಡವು ಚಿತ್ರದೊಂದಿಗೆ ಹಾಡನ್ನೂ ತಿದ್ದಿತೆಂಬುದು ಮರೆಯತಕ್ಕ ಮಾತಲ್ಲ. ರೂಪವು ನಾದಕ್ಕೆ ಕೈಹಿಡಿದು ದಾರಿ ತೋರಬಲ್ಲದು. ನಾದದ ಸ್ಥಾನವನ್ನು ತಾನೇ ತುಂಬಲಾರದು.