ಸಾಲ್ಟೇರ್: ಗಿರಣಿಯೊಂದು ಕಟ್ಟಿದ ಊರು

ಉಣ್ಣೆಯ ವ್ಯಾಪಾರದಿಂದ ಸಂಪನ್ನವಾದಂತೆಲ್ಲ ಗಿರಣಿಗಳ ಹೊಗೆಯಿಂದಲೂ ಕಲುಷಿತ ಜಲದಿಂದಲೂ ರೋಗಗ್ರಸ್ತವಾಗುತ್ತ ಬಂದಿದ್ದ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರವನ್ನು 1849ರಲ್ಲಿ ಕಾಲರಾ ಮಾರಿಯು ಹೊಕ್ಕಾಗ, ಅಲ್ಲಿ ಮೇಯರನಾಗಿದ್ದವನು ಟೈಟಸ್ ಸಾಲ್ಟ್. ದಕ್ಷಿಣ ಅಮೆರಿಕದ ಅಲ್ಪಾಕಾ ಎಂಬ ಪ್ರಾಣಿಯ ತುಪ್ಪಳದಿಂದ ಹೊಳಪುಳ್ಳ ವಸ್ತ್ರವನ್ನು ನೇಯಿಸಿ ಅಪಾರ ಧನವನ್ನು ಸಂಪಾದಿಸಿದ್ದ ಆತನು, ನಗರದಲ್ಲಿ ಚದರಿಹೋಗಿದ್ದ ತನ್ನ ಗಿರಣಿಗಳನ್ನೆಲ್ಲ ಒಂದೆಡೆ ಕೂಡಿಸುವ ಉದ್ದೇಶದಿಂದ, ಏರ್ ನದಿಯೂ ನೌಕೆಗಳು ಸಂಚರಿಸುವ ಕಾಲುವೆಯೂ ರೈಲುಹಾದಿಯೂ ಒಂದನ್ನೊಂದು ಸಮೀಪಿಸುವ ತಾಣವೊಂದನ್ನು ಊರಾಚೆ ಆರಿಸಿಕೊಂಡನು. ಸಾಲ್ಟೇರ್ ಗ್ರಾಮವು ಹುಟ್ಟಿದುದು ಹೀಗೆ. ಅದರ ಮೂಲದಲ್ಲಿ ಕಾರುಣ್ಯವೂ ಲಾಭದ ಲೆಕ್ಕಾಚಾರವೂ ಬೇರ್ಪಡಿಸಲಾಗದಂತೆ ಬೆರೆತಿದ್ದುವು.

ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳು ಇಟಲಿಯ ಶೈಲಿಯಲ್ಲಿ ರೂಪಿಸಿದ, 545 ಅಡಿ ಉದ್ದದ ಮುಂಭಾಗವುಳ್ಳ ಗಿರಣಿಯು 1853ರ ಸೆಪ್ಟೆಂಬರ್ 20ರಂದು, ಒಡೆಯನ ಐವತ್ತನೆಯ ಜನ್ಮದಿನದಂದೇ, ಪ್ರಾರಂಭವಾಯಿತು. ಮುಂದೆ 1868ರಲ್ಲಿ ಎದ್ದ ಹೊಸ ಗಿರಣಿಯ ಚಿಮಣಿಗೆ ವೆನಿಸ್ ನಗರದ ಫ್ರಾರಿ ಇಗರ್ಜಿಯ ಘಂಟಾಗೋಪುರವು ಮಾದರಿಯಾಯಿತೆಂದರೆ, ಹೊಗೆಯುಗುಳುವ ಕೊಳವೆಗೂ ಅಲ್ಲಿ ಸೌಂದರ್ಯದ ಮರ್ಯಾದೆ ಸಂದಿದ್ದಿತೆಂದು ತಿಳಿಯಬೇಕು.

ಕಾರ್ಮಿಕರಿಗಾಗಿ ಎದ್ದ 800ಕ್ಕೂ ಮಿಕ್ಕ ಕಲ್ಲಿನ ಮನೆಗಳಲ್ಲಿ ನೀರೂ ಅನಿಲದೀಪವೂ, ಹಿತ್ತಲಿನಲ್ಲಿ ಪ್ರತ್ಯೇಕ ಶೌಚಗೃಹವೂ ಇದ್ದುವೆಂಬುದು ಆ ಕಾಲಕ್ಕೆ ಅಸಾಮಾನ್ಯವೇ ಸರಿ. ಆದರೆ ಮೇಲ್ವಿಚಾರಕನ ಮನೆಯು ಕೂಲಿಯವನ ಮನೆಗಿಂತ ದೊಡ್ಡದು. ಬೀದಿಗಳಿಗೆ ಒಡೆಯನ ಮಕ್ಕಳ ಹೆಸರು. ಗಿರಣಿಯ ಕಚೇರಿಗೆ ಅಭಿಮುಖವಾಗಿ ಪ್ರಾರ್ಥನಾಮಂದಿರ. ಶಾಲೆ, ಗ್ರಂಥಾಲಯ, ವೃದ್ಧರ ವಸತಿ, ಉದ್ಯಾನ ಎಲ್ಲವೂ ಉಂಟು, ಮದ್ಯದಂಗಡಿ ಮಾತ್ರ ಇಲ್ಲ. ದುಡಿಯುವವನು ಹೇಗೆ ಬಾಳಬೇಕೆಂಬುದನ್ನು ಒಡೆಯನೇ ನಿಶ್ಚಯಿಸಿ, ಆ ನಿಶ್ಚಯವನ್ನು ಕಲ್ಲಿನಲ್ಲಿ ಕಟ್ಟಿಸಿದ್ದನು.

ಸಾಲ್ಟನು 1876ರಲ್ಲಿ ತೀರಿಕೊಂಡನು. ಶತಮಾನಕ್ಕೂ ಮಿಕ್ಕ ಕಾಲ ಬಟ್ಟೆ ನೇಯ್ದ ಗಿರಣಿಯು 1986ರಲ್ಲಿ ಮುಚ್ಚಿತು. ಮರುವರ್ಷವೇ ಅದನ್ನು ಕೊಂಡ ಬ್ರಾಡ್‌ಫರ್ಡಿನ ಉದ್ಯಮಿ ಜೊನಾಥನ್ ಸಿಲ್ವರನು, ಅದೇ ನಗರದಲ್ಲಿ ಜನಿಸಿದ ಚಿತ್ರಕಾರ ಡೇವಿಡ್ ಹಾಕ್ನಿಯ ಕೃತಿಗಳಿಗೆ ಅಲ್ಲಿ ಪ್ರದರ್ಶನಶಾಲೆಯನ್ನು ತೆರೆದನು. ಕ್ರಮೇಣ ಅಂಗಡಿಗಳೂ ಕಚೇರಿಗಳೂ ಬಂದುವು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಗ್ರಾಮವನ್ನು ವಿಶ್ವಪರಂಪರೆಯ ತಾಣವೆಂದು ಅಂಗೀಕರಿಸಿತು. ಹಳೆಯ ಮನೆಗಳಲ್ಲಿ ಜನರು ಈಗಲೂ ಸಂಸಾರ ಹೂಡಿದ್ದಾರೆ. ಸಾಲ್ಟೇರನ್ನು ಕಟ್ಟಿದ ಕೀರ್ತಿ ಸಾಲ್ಟನದಾದರೆ, ಅದು ಪಾಳುಬೀಳದಂತೆ ಉಳಿದುದರ ಯಶಸ್ಸು, ಹಳೆಯ ಗೋಡೆಗಳಿಗೆ ಹೊಸ ಕೆಲಸವನ್ನು ಒದಗಿಸಿದವರಿಗೂ ಅಷ್ಟೇ ಸಲ್ಲತಕ್ಕುದು.